ಸ್ಟಾಕ್ ಥಾರ್‌ಗೆ ದೊಡ್ಡ ಟೈರ್: ಲಿಫ್ಟ್ ಮಾಡಿಸದೆ ಎಲ್ಲಿಯವರೆಗೆ ಹೋಗಬಹುದು?

ಕೋಟೆಬೀದಿ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನನ್ನದು 2022ರ ಮಹೀಂದ್ರಾ ಥಾರ್ ಜೀಪ್. ಡೀಸೆಲ್, ಎಲ್‌ಎಕ್ಸ್, ಮ್ಯಾನ್ಯುಯಲ್ ಗೇರ್. ಶೋರೂಮಿನಿಂದ ಹೇಗೆ ಬಂತೋ ಹಾಗೇ ಇದೆ. ಲಿಫ್ಟ್ (ಗಾಡಿಯನ್ನು ಎತ್ತರಿಸುವ ಕೆಲಸ) ಮಾಡಿಸಿಲ್ಲ, ಬಂಪರ್ ಬದಲಿಸಿಲ್ಲ, ಮುಂದೆಯೂ ಬದಲಿಸುವ ಯೋಚನೆ ಇಲ್ಲ. ಅಮ್ಮನಿಗೆ ಈಗಲೇ ಹತ್ತಲು ಸ್ಟೂಲ್ ಬೇಕು.

46 ಸಾವಿರ ಕಿ.ಮೀ. ಓಡಿದೆ. ಟೈರ್ ಸವೆದು ಟಿಡಬ್ಲ್ಯೂಐ, ಅಂದರೆ ಸವೆತದ ಮಿತಿ ತೋರಿಸುವ ಗುರುತಿನ ಹತ್ತಿರ ಬಂದಿದೆ. ಹೇಗೂ ದುಡ್ಡು ಬಿಚ್ಚಲೇಬೇಕು, ಬಿಚ್ಚುವುದಾದರೆ ದೊಡ್ಡದೇ ಹಾಕಿಸೋಣ ಅಂತ ಆಸೆ. ಈಗಿರುವುದು 255/65 ಆರ್18.

ಓಡಾಟ ಹೀಗಿದೆ. ವಾರಕ್ಕೆ ಎರಡು ಸಲ ಕೆಲಸದ ಮೇಲೆ ದಾವಣಗೆರೆ, ಹೈವೇ. ಹಿರಿಯೂರು ಕಡೆ ನಮ್ಮ ಹೊಲ ಇದೆ, ಕೊನೆಯ ಮೂರು ಕಿ.ಮೀ. ಎರೆಮಣ್ಣಿನ ದಾರಿ. ಕೆಲವು ಭಾನುವಾರ ಗೆಳೆಯರ ಜೊತೆ ಗಾಳಿಯಂತ್ರದ ಗುಡ್ಡಗಳ ಕಡೆ, ಬಿಡುವ ಕಡೆ ಮಾತ್ರ. ಬೇಸಿಗೆಯಲ್ಲಿ ವೇದಾವತಿಯ ಮರಳು.

ಟೈರ್ ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು 20 ಇಂಚಿನ ಅಲಾಯ್, "ಲುಕ್ಕೇ ಬೇರೆ ಸಾರ್" ಅಂದರು. ಇನ್ನೊಂದು 285/70 ಆರ್17, ಹೊರಗೆ ಚಾಚಿದ ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) ಸಮೇತ. "33 ಇಂಚು ಬಂದಹಾಗೆ, ಲಿಫ್ಟ್ ಬೇಡವೇ ಬೇಡ" ಅಂದರು. ಹಾಕಿಸಿದವರು ಯಾರಾದರೂ ಇದ್ದೀರಾ?

ಖಾಲಿದೋಸೆ (ದಾವಣಗೆರೆ)

ಕೋಟೆಬೀದಿಯವರೇ, ಮೊದಲು ಲೆಕ್ಕ ಮಾಡೋಣ. ಕ್ಯಾಲ್ಕುಲೇಟರ್ ಸಾಕು.

255 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಆ ಅಗಲದ ನೂರಕ್ಕೆ 65 ಭಾಗ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ. 18 ಅಂದರೆ ಡಿಸ್ಕಿನ ಇಂಚು. ಹಾಗಾಗಿ ನಿಮ್ಮ ಟೈರಿನ ಸೈಡ್‌ವಾಲ್ ಸುಮಾರು 166 ಮಿ.ಮೀ., ಒಟ್ಟು ಎತ್ತರ ಸುಮಾರು 789 ಮಿ.ಮೀ. ಅಂಗಡಿಯವರು ಹೇಳಿದ 285/70 ಆರ್17 ಸುಮಾರು 831 ಬರುತ್ತದೆ. 42 ಮಿ.ಮೀ. ಜಾಸ್ತಿ, ಅಂದರೆ ಶೇ. 5ಕ್ಕಿಂತ ಸ್ವಲ್ಪ ಮೇಲೆ.

ಈಗ ಎಲ್ಲರೂ ಮರೆಯುವ ವಿಷಯ. ಟೈರ್ 42 ಮಿ.ಮೀ. ಎತ್ತರವಾದರೆ ಗಾಡಿ ಏಳುವುದು ಅದರ ಅರ್ಧ ಮಾತ್ರ, 21 ಮಿ.ಮೀ. ಉಳಿದ ಅರ್ಧ ಮೇಲಕ್ಕೆ, ಮಡ್‌ಗಾರ್ಡ್ ಒಳಗೆ ಹೋಗುತ್ತದೆ. ಥಾರ್‌ಗೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 226 ಮಿ.ಮೀ. ಅದು 247 ಆಗುತ್ತದೆ. ಬೆರಳಿನ ದಪ್ಪದ ಲಾಭ. ಅದಕ್ಕೆ ನೀವು ಎಷ್ಟು ಕೊಡುತ್ತೀರಿ ಅನ್ನುವುದು ಪ್ರಶ್ನೆ.

20 ಇಂಚಿನದ್ದು ಬಿಟ್ಟೇಬಿಡಿ. ಹೊರಗಿನ ಎತ್ತರ ಅಷ್ಟೇ ಇಟ್ಟು 20ರ ಡಿಸ್ಕ್ ಹಾಕಿದರೆ ಸೈಡ್‌ವಾಲ್ 166ರಿಂದ 140ಕ್ಕೆ ಇಳಿಯುತ್ತದೆ. ಕಲ್ಲಿನ ಏಟು ತಡೆಯುವುದು ರಬ್ಬರೂ ಒಳಗಿನ ಗಾಳಿಯೂ, ಡಿಸ್ಕ್ ಅಲ್ಲ. ದೊಡ್ಡ ಚಕ್ರ ಬೇರೆ, ದೊಡ್ಡ ಟೈರ್ ಬೇರೆ. ನಮ್ಮ ಕೆಲಸಕ್ಕೆ ಬೇಕಿರುವುದು ಚಿಕ್ಕ ಡಿಸ್ಕ್, ದಪ್ಪ ಟೈರ್.

ಏನೂ ಕೊಯ್ಯದೆ, ಎತ್ತರಿಸದೆ ಹೋಗಬೇಕಾದರೆ ನಾನು ಶೇ. 3ರ ಗೆರೆ ದಾಟುವುದಿಲ್ಲ. 265/65 ಆರ್18 ಹಾಕಿದರೆ ಸುಮಾರು 802. 265/70 ಆರ್17 ಸುಮಾರು 803. 265/75 ಆರ್16 ಸುಮಾರು 804. ಮೂರೂ ಶೇ. 2ರ ಒಳಗೇ ಇವೆ. ಎತ್ತರ ಹೆಚ್ಚುಕಮ್ಮಿ ಒಂದೇ, ಆದರೆ ಸೈಡ್‌ವಾಲ್ 172, 186, 199. ನನಗೆ ಯಾವುದು ಇಷ್ಟ ಅಂತ ಹೇಳಬೇಕಾಗಿಲ್ಲ ಅಲ್ವಾ?

ಕೋಟೆಬೀದಿ (ಚಿತ್ರದುರ್ಗ)

ಅರ್ಧ ಮಾತ್ರ ಏಳುತ್ತದೆ ಅನ್ನುವುದು ನಿಜಕ್ಕೂ ಹೊಳೆದಿರಲಿಲ್ಲ. ಥ್ಯಾಂಕ್ಸ್. ಆದರೆ 16ರ ಡಿಸ್ಕ್ ನನ್ನ ಬ್ರೇಕಿಗೆ ತಾಗುವುದಿಲ್ಲವಾ?

ಖಾಲಿದೋಸೆ (ದಾವಣಗೆರೆ)

ಇದೇ ಥಾರ್‌ನ ಎಎಕ್ಸ್ ವೇರಿಯಂಟ್ ಕಂಪನಿಯಿಂದಲೇ 16ರ ಡಿಸ್ಕಿನಲ್ಲಿ, 245/75 ಆರ್16 ಟೈರಿನಲ್ಲಿ ಬಂದಿತ್ತು. ಹೊರಗಿನ ಕಂಪನಿಯ 16 ತಗೊಂಡರೆ ಮಾತ್ರ ಒಂದು ಹಾಕಿ ಕೈಯಲ್ಲಿ ತಿರುಗಿಸಿ ನೋಡಿ. ಬ್ರೇಕಿನ ಕ್ಯಾಲಿಪರ್ ಹತ್ತಿರ ಬೆರಳು ಆಡುವಷ್ಟು ಜಾಗ ಇರಲಿ.

33_ಮೆರವಣಿಗೆ (ದಾವಣಗೆರೆ)

ಶುರುವಾಯ್ತು ಪಾಠ. ಸ್ವಾಮಿ, ನನ್ನದು ಅದೇ ಎಎಕ್ಸ್. 285/75 ಆರ್16 ಮಡ್ ಟೈರ್ ಹಾಕಿ ಎರಡು ವರ್ಷ ಆಯ್ತು. ಲಿಫ್ಟ್ ಇಲ್ಲ. ಕೊಂಡಜ್ಜಿ ಕಡೆಯ ಕಲ್ಲು ದಾರಿ, ಸೂಳೆಕೆರೆ ಸುತ್ತಿನ ಕೆಸರು, ಎಲ್ಲಾ ಕಡೆ ಹೋಗಿ ಬಂದಿದೆ. 774 ಇದ್ದದ್ದು 834 ಆಗಿದೆ. 30 ಮಿ.ಮೀ. ಎದ್ದಿದೆ. ಬೆರಳಲ್ಲ, ಎರಡು ಬೆರಳು. ಗುಂಡಿಗೆ ಇಳಿದರೆ ಗೊತ್ತೇ ಆಗುವುದಿಲ್ಲ. ಕೋಟೆಬೀದಿ, ಹಾಕಿಸು ಗುರು. ಗಾಡಿ ಇರುವುದು ಒಂದೇ ಜನ್ಮಕ್ಕೆ.

ಪಾನಾ_ನಂ19 (ಹರಿಹರ)

33ರವರೇ, ಕೋಪ ಬೇಡ, ಒಂದೇ ಪ್ರಶ್ನೆ. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್ ಕೊಯ್ದಿದ್ದೀರಾ ಇಲ್ಲವಾ?

33_ಮೆರವಣಿಗೆ (ದಾವಣಗೆರೆ)

ಸ್ವಲ್ಪ. ಬಂಪರಿನ ಮೂಲೆಯನ್ನೂ ಸ್ವಲ್ಪ. ಬಿಸಿ ಬ್ಲೇಡಿನಲ್ಲಿ ಹತ್ತು ನಿಮಿಷದ ಕೆಲಸ.

ಪಾನಾ_ನಂ19 (ಹರಿಹರ)

ಅಲ್ಲಿಗೆ ಅದು ಸ್ಟಾಕ್ ಗಾಡಿ ಅಲ್ಲ. ಪ್ರಶ್ನೆ ಕೇಳಿದವರು ಏನೂ ಬದಲಿಸುವುದಿಲ್ಲ ಅಂದಿದ್ದಾರೆ.

ನಾನು ಗ್ಯಾರೇಜ್ ಇಟ್ಟವನು. ದೊಡ್ಡ ಟೈರ್ ಹಾಕಿಸಿಕೊಂಡು ಬಂದವರ ಗಾಡಿ ಕೆಳಗೆ ಮಲಗಿದ ಅನುಭವದಿಂದ ಹೇಳುತ್ತೇನೆ. ಟೈರಿನ ಎತ್ತರಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಹೊರಗೆ ಚಾಚಿದ ಡಿಸ್ಕ್. ಡಿಸ್ಕಿನ ಹಿಂದೆ 'ಇಟಿ' ಅಂತ ಬರೆದು ಒಂದು ನಂಬರ್ ಇರುತ್ತದೆ. ಅದು ಆಫ್‌ಸೆಟ್. ಕಂಪನಿಯದ್ದಕ್ಕಿಂತ ಅದು 20 ಕಮ್ಮಿ ಇದ್ದರೆ ಪ್ರತಿ ಚಕ್ರ 20 ಮಿ.ಮೀ. ಹೊರಗೆ ಬಂತು ಅಂತ ಅರ್ಥ. ನಿಂತಾಗ ಚೆಂದ ಕಾಣುತ್ತದೆ. ಆದರೆ ಸ್ಟೇರಿಂಗ್ ತಿರುಗಿಸಿದಾಗ ಟೈರ್ ಇನ್ನೂ ದೊಡ್ಡ ಸುತ್ತು ಹೊಡೆಯುತ್ತದೆ, ಮುಂದೆ ಬಂಪರಿಗೆ, ಹಿಂದೆ ಲೈನರಿಗೆ ಉಜ್ಜುತ್ತದೆ. ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈ ಒದೆಯುತ್ತದೆ. ಹಬ್ ಬೇರಿಂಗಿನ ಮೇಲೆ ಭಾರದ ಎಳೆತ ಜಾಸ್ತಿ. ಚಕ್ರವನ್ನು ಹೊರಗೆ ತಳ್ಳುವ ಸ್ಪೇಸರ್ ಬಿಲ್ಲೆ ಹಾಕಿದರೂ ಇದೇ ಕಥೆ. ಹಾಗಾಗಿ ಟೈರ್ ದೊಡ್ಡದು ಹಾಕಿದರೂ ಇಟಿ ಕಂಪನಿಯದ್ದರ ಹತ್ತಿರವೇ ಇರಲಿ.

ಇನ್ನು ತೂಕ. ಹಳೇ ಚಕ್ರ ಒಂದು, ಹೊಸದು ಒಂದು, ಎರಡನ್ನೂ ಅಡಿಕೆ ತೂಗುವ ಕಾಟಾದ ಮೇಲೆ ಇಟ್ಟು ನೋಡಿ. ಮಡ್ ಟೈರಿನ 33 ಇಂಚಿನದ್ದು ಚಕ್ರಕ್ಕೆ ಏಳೆಂಟು ಕಿಲೋ ಆರಾಮಾಗಿ ಜಾಸ್ತಿ ಬರುತ್ತದೆ. ಗಾಡಿಯೊಳಗೆ ಎಂಟು ಕಿಲೋ ಅಕ್ಕಿ ಇಟ್ಟ ಹಾಗಲ್ಲ ಇದು. ತಿರುಗುವ ತೂಕ, ಅದೂ ಸ್ಪ್ರಿಂಗಿನ ಕೆಳಗಿನ ತೂಕ. ಎಬ್ಬಿಸಲು ಎಂಜಿನ್ ಒದ್ದಾಡಬೇಕು, ನಿಲ್ಲಿಸಲು ಬ್ರೇಕ್ ಒದ್ದಾಡಬೇಕು. ಸ್ಟೆಪ್ನಿ ಹಿಂದಿನ ಬಾಗಿಲಿಗೆ ನೇತಾಡುತ್ತಿದೆ ನೋಡಿ, ಅದರ ಕೀಲು ಮೊದಲು ಗಲಗಲ ಅನ್ನುತ್ತದೆ.

ಗೇರಿನ ಲೆಕ್ಕವೂ ಬದಲಾಗುತ್ತದೆ. ಟೈರ್ ಶೇ. 5 ಎತ್ತರವಾದರೆ ಎಲ್ಲಾ ಗೇರೂ ಅಷ್ಟೇ ಉದ್ದವಾದ ಹಾಗೆ. ಗುಡ್ಡ ಹತ್ತುವಾಗ ಕ್ಲಚ್ ಜಾಸ್ತಿ ಹೊತ್ತು ಅರ್ಧ ಒತ್ತಿ ಹಿಡಿಯುತ್ತೀರಿ. ಆಮೇಲೆ ಕ್ಲಚ್ ಪ್ಲೇಟ್ ಬೇಗ ಹೋಯಿತು ಅಂತ ಗಾಡಿಯನ್ನೇ ಬೈಯುತ್ತೀರಿ.

ಅಂಗಡಿಯವರು "ಉಜ್ಜಲ್ಲ ಸಾರ್" ಅಂದರೆ ನಂಬಬೇಡಿ, ಪರೀಕ್ಷೆ ಮಾಡಿ. ಎರಡು ಚಕ್ರ ಮಾತ್ರ ಮುಂದೆ ಹಾಕಿಸಿ. ಲೈನರಿನ ಒಳಗೆ, ಬಂಪರಿನ ಮೂಲೆಗೆ, ಒಳಗಡೆ ಆ್ಯಂಟಿ ರೋಲ್ ಬಾರ್ ಹತ್ತಿರ ಗೋಡೆಗೆ ಬಳಿಯುವ ಸುಣ್ಣ ತೆಳ್ಳಗೆ ಬಳಿಯಿರಿ. ಒಂದು ಮುಂದಿನ ಚಕ್ರವನ್ನು ಕಲ್ಲಿನ ಮೇಲೋ ಬದುವಿನ ಮೇಲೋ ಹತ್ತಿಸಿ ಸ್ಪ್ರಿಂಗ್ ಪೂರ್ತಿ ಕುಗ್ಗಲಿ. ಆಗ ಸ್ಟೇರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ರಿವರ್ಸಿನಲ್ಲೂ ಮಾಡಿ, ಕೆಲವು ಸಲ ಅದರಲ್ಲಿ ಮಾತ್ರ ತಾಗುತ್ತದೆ. ಸುಣ್ಣ ಅಳಿಸಿದ ಜಾಗವೇ ಉತ್ತರ. ಅಂಗಡಿ ಮುಂದಿನ ಸಮ ನೆಲದಲ್ಲಿ ಯಾವ ಟೈರೂ ಉಜ್ಜುವುದಿಲ್ಲ.

33_ಮೆರವಣಿಗೆ (ದಾವಣಗೆರೆ)

ಒಪ್ಪಿದೆ ಮೇಷ್ಟ್ರೇ. ಆದರೂ ನನ್ನ ಕ್ಲಚ್ ಇನ್ನೂ ಗಟ್ಟಿಯಾಗಿದೆ. ಮೈಲೇಜ್ ಮಾತ್ರ ಬಿದ್ದಿದೆ, ಸುಳ್ಳು ಹೇಳಲ್ಲ.

ಖಾಲಿದೋಸೆ (ದಾವಣಗೆರೆ)

ಅದರಲ್ಲಿ ಅರ್ಧ ಸುಳ್ಳು ಬೀಳುವಿಕೆ ಇರಬಹುದು. ಟೈರ್ ದೊಡ್ಡದಾದರೆ ಮೀಟರ್ ಕಡಿಮೆ ಎಣಿಸುತ್ತದೆ. ನಿಮ್ಮದು ಸುಮಾರು ಶೇ. 8 ದೊಡ್ಡದು. ಮೀಟರ್ 60 ಕಿ.ಮೀ. ತೋರಿಸಿದರೆ ಗಾಡಿ ಓಡಿರುವುದು ಸುಮಾರು 65. ಮೀಟರ್ ನಂಬಿ ಮೈಲೇಜ್ ಲೆಕ್ಕ ಹಾಕಿದರೆ ಇರುವುದಕ್ಕಿಂತ ಕಮ್ಮಿಯೇ ಬರುತ್ತದೆ. ಫೋನಿನ ಜಿಪಿಎಸ್ ಹಾಕಿಕೊಂಡು ಒಮ್ಮೆ ದುರ್ಗದವರೆಗೆ ಹೋಗಿ ನೋಡಿ.

ವೇಗಕ್ಕೂ ಇದೇ ಲೆಕ್ಕ. ಹೊಸ ಗಾಡಿಯಲ್ಲಿ ಸ್ಪೀಡೋಮೀಟರ್ ಇರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಕಮ್ಮಿ ತೋರಿಸಬಾರದು ಅಂತ ನಿಯಮವೇ ಇದೆ. ಶೇ. 2 ದೊಡ್ಡ ಟೈರ್ ಆ ಅಂತರದಲ್ಲೇ ಮುಳುಗಿಹೋಗುತ್ತದೆ. ಶೇ. 8 ಮುಳುಗುವುದು ಅನುಮಾನ. ಮೀಟರ್ ಒಂದು ಹೇಳುತ್ತದೆ, ಹೈವೇ ಕ್ಯಾಮೆರಾ ಇನ್ನೊಂದು ಹೇಳುತ್ತದೆ.

ಎರೆಹೊಲ (ಚಳ್ಳಕೆರೆ)

ಇಷ್ಟು ಹೊತ್ತು ಓದಿದೆ. ಎಲ್ಲರೂ ಟೈರ್ ಬಗ್ಗೆ ಮಾತಾಡುತ್ತಿದ್ದೀರಿ, ಯಾರೂ ಮಣ್ಣಿನ ಬಗ್ಗೆ ಮಾತಾಡಲಿಲ್ಲ.

ಕೋಟೆಬೀದಿ ಅಣ್ಣ, ನಿಮ್ಮ ಹೊಲದ ದಾರಿ ಎರೆ ಅಂದಿರಿ. ಎರೆಮಣ್ಣು ಒಣಗಿದಾಗ ಕಲ್ಲು, ಆಗ ಯಾವ ಟೈರಾದರೂ ಹೋಗುತ್ತದೆ. ಒಂದು ಮಳೆ ಬಿದ್ದರೆ ಅಂಟು. ಕೆಂಪು ಮಣ್ಣಿನ ಕೆಸರಿನ ಹಾಗಲ್ಲ. ಅಲ್ಲಿ ನಾಲ್ಕು ಬೆರಳು ಕೆಳಗೆ ಗಟ್ಟಿ ನೆಲ ಸಿಗುತ್ತದೆ, ಕಿರಿದಾದ ಟೈರ್ ಕೊರೆದುಕೊಂಡು ಹೋಗಿ ಅದನ್ನು ಹಿಡಿಯುತ್ತದೆ. ಎರೆಯಲ್ಲಿ ಕೊರೆದಷ್ಟೂ ಎರೆಯೇ. ಮೊದಲು ಟೈರಿನ ರಬ್ಬರ್ ಗುಂಡಿಗಳ ನಡುವೆ ಮಣ್ಣು ತುಂಬುತ್ತದೆ. ಒಂದೇ ಸುತ್ತಿನಲ್ಲಿ ನಿಮ್ಮ ಎ/ಟಿ (ಎಲ್ಲಾ ಬಗೆಯ ದಾರಿಯ) ಟೈರ್ ನುಣ್ಣಗಿನ ಉಂಡೆ. ಮಡ್ ಟೈರ್‌ಗೆ ನಡುವೆ ಜಾಗ ಜಾಸ್ತಿ, ಸ್ವಲ್ಪ ಜೋರಾಗಿ ತಿರುಗಿಸಿದರೆ ಮಣ್ಣು ಎಸೆದು ಸ್ವಲ್ಪ ದೂರ ಹೋಗುತ್ತದೆ. ಸ್ವಲ್ಪ ದೂರ ಅಷ್ಟೇ.

ಆಮೇಲೆ ನಡೆಯುವುದು ಮುಖ್ಯ. ಟೈರಿಗೆ ಮೆತ್ತಿದ ಮಣ್ಣು ಮೇಲೆ ಹೋಗಿ ಮಡ್‌ಗಾರ್ಡ್ ಒಳಗೆ ಕೂರುತ್ತದೆ. ಸುತ್ತು ಸುತ್ತಿಗೂ ಇನ್ನಷ್ಟು. ಜೊತೆಗೆ ಸಜ್ಜೆ ಕೂಳೆ, ಹುಲ್ಲು. ಕಟ್ಟಡಕ್ಕೆ ಗಾರೆ ಹಾಕಿದ ಹಾಗೆ ಗಟ್ಟಿ. ಕೊನೆಗೆ ಚಕ್ರ ತಿರುಗುವುದೇ ಇಲ್ಲ. ಎಂಜಿನ್ ಇದೆ, ಫೋರ್ ವೀಲ್ ಇದೆ, ಲೋ ಗೇರ್ ಇದೆ, ಚಕ್ರ ಮಾತ್ರ ಗೋಡೆಗೆ ಹುದುಗಿದ ಹಾಗೆ ನಿಂತಿದೆ. ನಮ್ಮ ಕಡೆ ಮಳೆಗಾಲದಲ್ಲಿ ಬೈಕಿನ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲಿ ಇಟ್ಟು ಹೊಲಕ್ಕೆ ಹೋಗುವವರು ಇದ್ದಾರೆ. ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಅಂದರೆ ಟೈರಿಗೂ ಲೈನರಿಗೂ ನಡುವೆ ಇರುವ ಖಾಲಿ ಜಾಗವೇ ಎರೆಯಲ್ಲಿ ನಿಮ್ಮ ಆಸ್ತಿ. ದೊಡ್ಡ ಟೈರ್ ಹಾಕಿ ನೀವು ತಿನ್ನುವುದು ಅದನ್ನೇ. 42 ಎಂಎಂ ಎತ್ತರದ ಟೈರ್ ಹಾಕಿದರೆ ಮೇಲೆ 21 ಹೋಯಿತು, ಅಗಲದಲ್ಲೂ ಹೋಯಿತು. ಸುಣ್ಣದ ಪರೀಕ್ಷೆಯಲ್ಲಿ ಪಾಸಾದ ಟೈರ್ ಎರೆಯಲ್ಲಿ ಫೇಲ್ ಆಗುತ್ತದೆ. ಸುಣ್ಣಕ್ಕೆ ದಪ್ಪ ಇಲ್ಲ, ಎರೆಗೆ ಇದೆ.

ನನ್ನ ಮಾತು ಕೇಳುವುದಾದರೆ ಮಳೆ ಬಿದ್ದ ದಿನ ಗಾಡಿ ಟಾರು ರಸ್ತೆಯಲ್ಲೇ ನಿಲ್ಲಿಸಿ ನಡೆದುಕೊಂಡು ಹೋಗಿ. ನಮ್ಮಪ್ಪ ಅಂಥ ದಿನ ಎತ್ತನ್ನೂ ಹೊಲಕ್ಕೆ ಇಳಿಸುತ್ತಿರಲಿಲ್ಲ.

ಖಾಲಿದೋಸೆ (ದಾವಣಗೆರೆ)

ಈ ಪೋಸ್ಟನ್ನು ಚೌಕಟ್ಟು ಹಾಕಿಸಿ ಇಡಬೇಕು. ನನ್ನ 265/75ರ ಲೆಕ್ಕಕ್ಕೆ ಈ ಜಾಗವನ್ನು ನಾನು ಸೇರಿಸಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಜಗಳೂರು_ಜಿಮ್ನಿ (ಜಗಳೂರು)

ಚಿಕ್ಕ ಗಾಡಿಯವನ ಎರಡು ಮಾತು. ನನ್ನ ಮಾರುತಿ ಜಿಮ್ನಿಗೆ ಕಂಪನಿಯದ್ದು 195/80 ಆರ್15. ನಾನು 215/75 ಆರ್15 ಹಾಕಿಸಿದೆ. ಎತ್ತರ 693ರಿಂದ 703ಕ್ಕೆ, ಶೇ. 1.5 ಅಷ್ಟೇ. ಇದು ಬೊಲೆರೊ ಸೈಜ್. ಹಳ್ಳಿಯ ಟೈರ್ ಅಂಗಡಿಯಲ್ಲೂ ಸಿಗುತ್ತದೆ, ನನಗೆ ಅದೇ ದೊಡ್ಡ ಲಾಭ. ಅಷ್ಟಕ್ಕೇ ಪಿಕಪ್ ಸ್ವಲ್ಪ ಮಂದ ಆಯಿತು. 134 ಎನ್‌ಎಂ ಟಾರ್ಕ್ (ಎಳೆಯುವ ಬಲ) ಇರುವ ಎಂಜಿನ್ ಅಲ್ವಾ. ನಿಮ್ಮ ಡೀಸೆಲ್ ಥಾರ್‌ಗೆ 300 ಇದೆ, ನಿಮಗೆ ಅಷ್ಟು ಗೊತ್ತಾಗಲಿಕ್ಕಿಲ್ಲ.

ನಮ್ಮ ಕಡೆ ಕೆಸರಿಗಿಂತ ಬಳ್ಳಾರಿ ಜಾಲಿ ಮುಳ್ಳಿನ ಕಾಟ. ಪಂಕ್ಚರ್ ಕಿಟ್ ಇಲ್ಲದೆ ಮನೆ ಬಿಡುವುದಿಲ್ಲ. ಸೈಡ್‌ವಾಲಿಗೆ ಚುಚ್ಚಿದರೆ ಮಾತ್ರ ಕಿಟ್ಟೂ ಕೈ ಕಟ್ಟಿ ಕೂರುತ್ತದೆ. ಟೈರ್ ತಗೊಳ್ಳುವಾಗ ಎತ್ತರ ನೋಡುವ ಹಾಗೇ ಸೈಡ್‌ವಾಲ್ ಎಷ್ಟು ಪದರದ್ದು ಅಂತಲೂ ನೋಡಿ, ಅದನ್ನು ಪಕ್ಕದಲ್ಲೇ ಬರೆದಿರುತ್ತಾರೆ.

ಅಡಿಕೆಸಾಲು (ಹೊಳಲ್ಕೆರೆ)

ನನ್ನ ತಪ್ಪು ಒಂದು ಹೇಳುತ್ತೇನೆ, ಬೇರೆಯವರು ಮಾಡದಿರಲಿ.

ಮೂರು ವರ್ಷದ ಹಿಂದೆ ನಾನೂ ಥಾರ್‌ಗೆ ದೊಡ್ಡ ಟೈರ್ ಹಾಕಿಸಿದೆ. ದುಡ್ಡು ಉಳಿಸಲು ನಾಲ್ಕೇ ತಗೊಂಡೆ. ಸ್ಟೆಪ್ನಿ ಹಳೆಯದೇ ಇರಲಿ, ಯಾವಾಗಲೋ ಒಮ್ಮೆ ಬೇಕಾಗುವುದು ಅಂತ. ಅಂಗಡಿಯವರೂ ಹೂಂ ಅಂದರು. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ದಾರಿಯಲ್ಲಿ ಹಿಂದಿನ ಟೈರಿನ ಪಕ್ಕ ಹರಿಯಿತು. ಸ್ಟೆಪ್ನಿ ಹಾಕಿದೆ. ಮಳೆ ಬಂದು ಕೆಸರು, ನಾಲ್ಕೂ ಚಕ್ರ ಎಳೆಯಲಿ ಅಂತ ಫೋರ್ ಹೈ ಹಾಕಿದೆ. ಕೆಸರು ದಾಟಿ ಟಾರಿಗೆ ಬಂದ ಮೇಲೂ ತೆಗೆಯಲು ಮರೆತೆ. ಗಾಡಿ ಎಳೆದಾಡಲು ಶುರುಮಾಡಿತು. ತಿರುವಿನಲ್ಲಿ ಯಾರೋ ಹಿಂದಿನಿಂದ ಹಿಡಿದ ಹಾಗೆ. ಲಿವರ್ ಟೂ ಹೈಗೆ, ಅಂದರೆ ಎರಡೇ ಚಕ್ರ ಎಳೆಯುವ ಸ್ಥಾನಕ್ಕೆ ಬರಲೇ ಇಲ್ಲ. ಕೆಳಗಿನಿಂದ ಟಕ್ ಟಕ್ ಶಬ್ದ. ಕೊನೆಗೆ ಸ್ವಲ್ಪ ಹಿಂದಕ್ಕೆ ತೆಗೆದುಕೊಂಡಾಗ ಬಿಟ್ಟುಕೊಂಡಿತು.

ಮೆಕ್ಯಾನಿಕ್ ಆಮೇಲೆ ಬಿಡಿಸಿ ಹೇಳಿದ. ಈ ಗಾಡಿಗೆ ನಡುವೆ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. ಫೋರ್ ಹಾಕಿದರೆ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಂದೆ ಒಂದು ಚಕ್ರ ಚಿಕ್ಕದು ಇದ್ದರೆ ಅದು ಜಾಸ್ತಿ ಸುತ್ತು ಹೊಡೆಯಬೇಕು. ಕೆಸರಿನಲ್ಲಿ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಜಾರಲು ಜಾಗವಿಲ್ಲ. ಆ ಬಿಗಿತ ಎಲ್ಲಾ ಗೇರಿನ ಹಲ್ಲಿನ ಮೇಲೆ.

ಐದೂ ಒಂದೇ ಸೈಜ್ ತಗೊಳ್ಳಿ. ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಆಗಾಗ ಅದಲು ಬದಲು ಮಾಡಿ, ಸವೆತ ಒಂದೇ ಸಮ ಇರುತ್ತದೆ. ನಾಲ್ಕರ ದುಡ್ಡೇ ಇದ್ದರೆ ಇನ್ನು ಮೂರು ತಿಂಗಳು ಕಾಯಿರಿ.

ಕರಿಕೋಟು (ಚಿತ್ರದುರ್ಗ)

ಕಾನೂನಿನ ಕಡೆಯಿಂದ ಸ್ವಲ್ಪ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ರಸ್ತೆಯಲ್ಲಿ ಯಾರೂ ಟೇಪ್ ಹಿಡಿದು ಅಳೆಯುವುದಿಲ್ಲ, ನಿಜ. ಅಳೆಯುವುದು ಅಪಘಾತ ಆದ ಮೇಲೆ, ಇನ್ಶೂರೆನ್ಸ್ ಸರ್ವೆಯರ್ ಬಂದಾಗ. ಅದೇ ಮಾಡೆಲ್‌ಗೆ ಕಂಪನಿಯೇ ಬೇರೆ ವೇರಿಯಂಟಿನಲ್ಲಿ ಕೊಟ್ಟ ಸೈಜ್ ಆದರೆ ನಿಮ್ಮ ಪಕ್ಕ ಮಾತಾಡಲು ಏನೋ ಇರುತ್ತದೆ. ಏನೇ ಹಾಕಿಸುವ ಮೊದಲು ಇನ್ಶೂರೆನ್ಸಿನವರಿಗೆ ಮೇಲ್ ಕಳಿಸಿ, ಉತ್ತರ ಇಟ್ಟುಕೊಳ್ಳಿ. ಬಾಯಿಮಾತು ಬೇಡ.

ಮಡ್‌ಗಾರ್ಡಿನಿಂದ ಹೊರಗೆ ಬಂದ ಟೈರ್ ಹಿಂದಿನ ಬೈಕಿನವನ ಮುಖಕ್ಕೆ ಕಲ್ಲು ಎಸೆಯುತ್ತದೆ, ಅದನ್ನೂ ನೆನಪಿಡಿ. ಇನ್ನು ಸವೆತ. ಟೈರ್ ಮೇಲಿನ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಮ್ಮಿ ಇರಬಾರದು. ಟಿಡಬ್ಲ್ಯೂಐ ಮುಟ್ಟಿದ ಟೈರ್ ಇಟ್ಟುಕೊಂಡು ಇಲ್ಲಿ ವಾರಗಟ್ಟಲೆ ಚರ್ಚೆ ಮಾಡಬೇಡಿ ಸ್ವಾಮಿ.

ಕೋಟೆಬೀದಿ (ಚಿತ್ರದುರ್ಗ)

ಬೈಸಿಕೊಂಡಿದ್ದೇನೆ, ಈ ವಾರವೇ ಮುಗಿಸುತ್ತೇನೆ. ಲೋಡ್ ನಂಬರ್ ಬಗ್ಗೆ ಒಬ್ಬರಾದರೂ ಹೇಳಿ. ನನ್ನ ಟೈರ್ ಮೇಲೆ 111 ಅಂತ ಇದೆ.

ಪಾನಾ_ನಂ19 (ಹರಿಹರ)

111 ಅಂದರೆ ಒಂದು ಟೈರ್ 1,090 ಕಿಲೋ ಹೊರುತ್ತದೆ ಅಂತ. ಹೊಸದು ಅದಕ್ಕಿಂತ ಕೆಳಗೆ ಇಳಿಯದಿರಲಿ. ಪಕ್ಕದ ಅಕ್ಷರ ವೇಗದ್ದು. ಕ್ಯೂ 160, ಎಸ್ 180, ಟಿ 190, ಎಚ್ 210. ಮಡ್ ಟೈರುಗಳಲ್ಲಿ ಕ್ಯೂ ಜಾಸ್ತಿ ನೋಡುತ್ತೀರಿ. ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ. 1425 ಅಂದರೆ 2025ರ 14ನೇ ವಾರ. ಐದಕ್ಕೂ ನೋಡಿ ತಗೊಳ್ಳಿ, ಹೊಳಪು ನೋಡಿ ತಗೊಳ್ಳಬೇಡಿ. 265ರ ಆಸೆ ಇನ್ನೂ ಇದ್ದರೆ ಡಿಸ್ಕಿನ ಅಗಲ 7ರಿಂದ 8 ಇಂಚು ಇರಲಿ.

ಖಾಲಿದೋಸೆ (ದಾವಣಗೆರೆ)

ಟೈರ್ ಯಾವುದಾದರೂ ಇರಲಿ, ಒಂದು ಕಂಪ್ರೆಸರ್ ಮತ್ತು ಗಾಳಿ ನೋಡುವ ಗೇಜ್ ತಗೊಳ್ಳಿ. ವೇದಾವತಿ ಮರಳಿನಲ್ಲಿ 33 ಇಂಚು ಮಾಡದ ಕೆಲಸವನ್ನು 18 ಪಿಎಸ್‌ಐಗೆ ಇಳಿಸಿದ ಗಾಳಿ ಮಾಡುತ್ತದೆ. ಗಾಳಿ ಇಳಿಸಿದರೆ ಟೈರ್ ಉದ್ದಕ್ಕೆ ಚಪ್ಪಟೆಯಾಗಿ ನೆಲ ಹಿಡಿಯುತ್ತದೆ, ಹೂತುಹೋಗುವುದಿಲ್ಲ. ಸೈಡ್‌ವಾಲ್ ದಪ್ಪ ಇದ್ದಷ್ಟೂ ಇದು ಚೆನ್ನಾಗಿ ನಡೆಯುತ್ತದೆ. ಆದರೆ ತೀರಾ ಕೆಳಗೆ ಇಳಿಸಿ ಜೋರಾಗಿ ತಿರುಗಿಸಿದರೆ ಟೈರ್ ಡಿಸ್ಕಿನಿಂದ ಕಳಚಿಕೊಳ್ಳುತ್ತದೆ. ಟಾರಿಗೆ ಬಂದ ಕೂಡಲೇ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಇರುವಷ್ಟು ಗಾಳಿ ತುಂಬಿಸಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಮ್ಮಿ ಗಾಳಿಯಲ್ಲಿ ಹೈವೇ ಓಡಿಸಿದರೆ ಟೈರ್ ಒಳಗಿನಿಂದಲೇ ಬೇಯುತ್ತದೆ.

33_ಮೆರವಣಿಗೆ (ದಾವಣಗೆರೆ)

ಇಷ್ಟೆಲ್ಲಾ ಹೇಳಿ ಹುಡುಗನ ಆಸೆಗೆ ನೀರು ಎರಚಿದಿರಿ. ಗುರು, ನನ್ನ ಗಾಡಿಯ ಕಂಪನಿ ಡಿಸ್ಕ್ ಐದೂ ಮನೆ ಅಟ್ಟದ ಮೇಲೆ ಇವೆ. ಸ್ಟೀಲ್, 16 ಇಂಚು. ನಿನಗೆ 16ರ ಮನಸ್ಸಿದ್ದರೆ ಬಾ. ಬೆಣ್ಣೆದೋಸೆ ನಿನ್ನದು.

(ಐದು ವಾರದ ನಂತರ)

ಕೋಟೆಬೀದಿ (ಚಿತ್ರದುರ್ಗ)

ಏನಾಯಿತು ಅಂತ ಹೇಳದೆ ಮಾಯವಾಗುವವರನ್ನು ಕಂಡರೆ ನನಗೂ ಸಿಟ್ಟು. ಹಾಗಾಗಿ ಬರೆಯುತ್ತಿದ್ದೇನೆ.

ದಾವಣಗೆರೆಗೆ ಹೋಗಿ 33ರವರ ಸ್ಟೀಲ್ ಡಿಸ್ಕ್ ತಂದೆ. ಅವರ ಗಾಡಿಯಲ್ಲೇ ಒಂದು ಸುತ್ತು ಕೂರಿಸಿಕೊಂಡು ಹೋದರು. ನಿಜ ಹೇಳಬೇಕೆಂದರೆ ಮನಸ್ಸು ಅಲ್ಲಾಡಿತು. ಮೇಲೆ ಕೂತರೆ ಊರೇ ಚಿಕ್ಕದಾಗಿ ಕಾಣುತ್ತದೆ. ಆಮೇಲೆ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಾಗ ಅವರ ಕಾಲು ನೋಡಿದೆ. ನಾನು ಒತ್ತುವುದಕ್ಕಿಂತ ಬೇಗ ಒತ್ತುತ್ತಾರೆ. ಅವರಿಗೆ ಅಭ್ಯಾಸ ಆಗಿದೆ. ನನ್ನ ಗಾಡಿಯನ್ನು ತಂಗಿಯೂ ಓಡಿಸುತ್ತಾಳೆ.

265/75 ಆರ್16 ಎರಡು ತಂದು ಸುಣ್ಣದ ಪರೀಕ್ಷೆ ಮಾಡಿದೆ. ಅಂಗಡಿಯವರು ನಗುತ್ತಾ ನಿಂತಿದ್ದರು. ಆದರೆ ನಾನು ಸುಣ್ಣ ನೋಡಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟೈರಿಗೂ ಲೈನರಿಗೂ ನಡುವೆ ಕೈ ಹಾಕಿದೆ. ಅಲ್ಲಿ ಎರೆ ಎಷ್ಟು ಹಿಡಿಯುತ್ತದೆ ಅಂತ ಯೋಚನೆ ಬಂತು. ಕೊನೆಗೆ ಹಾಕಿಸಿದ್ದು 245/75 ಆರ್16, ಎ/ಟಿ, ಐದು. ಎಎಕ್ಸಿಗೆ ಕಂಪನಿಯೇ ಕೊಟ್ಟ ಸೈಜ್. ಇನ್ಶೂರೆನ್ಸಿನವರಿಗೆ ಮೇಲ್ ಮಾಡಿ ಉತ್ತರ ತರಿಸಿಕೊಂಡೆ.

ದೊಡ್ಡದು ಬೇಕು ಅಂತ ಬಂದವನು 15 ಮಿ.ಮೀ. ಚಿಕ್ಕದು ಹಾಕಿಸಿಕೊಂಡೆ. ಅಂದರೆ ಗ್ರೌಂಡ್ ಕ್ಲಿಯರೆನ್ಸ್ 7 ಮಿ.ಮೀ. ಹೋಯಿತು. ಆದರೆ ಸೈಡ್‌ವಾಲ್ 166 ಇದ್ದದ್ದು 184 ಆಯಿತು. ಗಾಳಿಯಂತ್ರದ ಗುಡ್ಡದ ಜಲ್ಲಿ ದಾರಿಯಲ್ಲಿ ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು, ಮೊದಲು ಸೊಂಟಕ್ಕೆ ಬರುತ್ತಿದ್ದ ಏಟು ಈಗ ಟೈರಿನಲ್ಲೇ ಉಳಿಯುತ್ತದೆ. ಹಾಕಿಸಿ ನೂರು ಕಿ.ಮೀ. ಆದ ಮೇಲೆ ನಟ್ ಮತ್ತೆ ಬಿಗಿ ಮಾಡಿಸಿದೆ, ಎರಡು ಸ್ವಲ್ಪ ತಿರುಗಿದವು. ಎಲ್ಲರೂ ಇದನ್ನು ಮಾಡಿ.

ಎರೆಹೊಲದವರೇ, ಕಳೆದ ವಾರ ಮಳೆ ಬಂತು. ಗಾಡಿ ಟಾರು ರಸ್ತೆಯಲ್ಲೇ ನಿಲ್ಲಿಸಿ ನಡೆದುಕೊಂಡು ಹೋದೆ. ಒಂದು ಚಪ್ಪಲಿ ಹೊಲದಲ್ಲೇ ಇದೆ.

33_ಮೆರವಣಿಗೆ (ದಾವಣಗೆರೆ)

ಚಿಕ್ಕ ಚಕ್ರದ ಥಾರ್! ಮುಂದಿನ ಭಾನುವಾರ ಕೊಂಡಜ್ಜಿಗೆ ಬಾ, ಗುಂಡಿಯಲ್ಲಿ ಸಿಕ್ಕಿಕೊಂಡಾಗ ಹಗ್ಗ ನನ್ನದೇ.

ಕೋಟೆಬೀದಿ (ಚಿತ್ರದುರ್ಗ)

ಬರುತ್ತೇನೆ. ಹಗ್ಗದ ಜೊತೆ ದೋಸೆಯನ್ನೂ ತನ್ನಿ, ಅವತ್ತು ಬಿಲ್ ನಾನೇ ಕೊಟ್ಟಿದ್ದು.

ಎರೆಹೊಲ (ಚಳ್ಳಕೆರೆ)

ಅಣ್ಣ, ಹಳೇ ಟೈರ್ ಏನು ಮಾಡಿದಿರಿ? ಇನ್ನೂ ಇದ್ದರೆ ಎರಡು ಕೊಡಿ. ನಮ್ಮ ಎತ್ತಿನ ಗಾಡಿಗೆ ಬೇಕು. ಗಾಡಿಗೆ ಟಿಡಬ್ಲ್ಯೂಐ ಕೇಳುವವರಿಲ್ಲ.

ಕೋಟೆಬೀದಿ (ಚಿತ್ರದುರ್ಗ)

ಇವೆ, ಸುಮ್ನೆ ತಗೊಂಡು ಹೋಗಿ. ಗಾಡಿಯ ಡಿಸ್ಕ್ ಎಷ್ಟು ಇಂಚು?

ಎರೆಹೊಲ (ಚಳ್ಳಕೆರೆ)

16.

ಪಾನಾ_ನಂ19 (ಹರಿಹರ)

ಅವರ ಟೈರ್ 18. ಎತ್ತಿಗೂ ಅಲಾಯ್ ಹಾಕಿಸಬೇಕಾಗುತ್ತದೆ.